ಆ ರಾತ್ರಿಯನ್ನು 24 ತುಂಡು ಮಾಡಿ ಮಗುವಿನ ಕೈಗೆ ಕೊಡುವುದು ಹೇಗೆ

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗಳು ವಾಂತಿಭೇದಿಯಿಂದ ತೀರಾ ಸುಸ್ತಾಗಿ, ಜಗಳೂರು ತಾಲ್ಲೂಕಿನ ಅವರ ಹಳ್ಳಿಯಿಂದ ರಾತ್ರೋರಾತ್ರಿ ದಾವಣಗೆರೆಯ ಆಸ್ಪತ್ರೆ ಸೇರಿದಳು. ಉಳಿದಳು. ನಾಲ್ಕು ದಿನಕ್ಕೆ ಮನೆಗೆ ಹೋದಳು. ಊಟ, ಆಟ, ಶಾಲೆ ಎಲ್ಲಾ ಮೊದಲಿನಂತೆ ಶುರುವಾಯಿತು. ಆದರೆ ಎಲ್ಲಾದರೂ ಸೈರನ್ ಕೇಳಿದರೆ ಸಾಕು, ಎರಡೂ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದಳು. ಅವಳಿಗೆ ಆಗ ಆರು ವರ್ಷ. ಏನಾಯ್ತು ಪುಟ್ಟಿ ಅಂದರೆ ಬಾಯಿ ಬಿಡುತ್ತಿರಲಿಲ್ಲ.

ಅವಳಿಗಾಗಿ ನಾನು ಆ ರಾತ್ರಿಯದೇ ಒಂದು ಚಿತ್ರ ಬರೆದು, 24 ತುಂಡು ಮಾಡಿ, ಜೋಡಿಸುವ ಆಟ ಮಾಡಿಕೊಟ್ಟೆ. ಅಂಗಡಿಯಲ್ಲಿ ಸಿಗುವ ಜಿಗ್ಸಾ ಪಜಲ್ ಇರುತ್ತಲ್ಲ, ಹಾಗೆಯೇ. ಅದನ್ನು ನೋಡಿದ ಅಕ್ಕಪಕ್ಕದವರು, ನಮ್ಮ ಮಗುವಿಗೂ ಆಪರೇಷನ್ ಆಗಿತ್ತು, ನಮ್ಮ ಹುಡುಗನೂ ಜ್ವರದಲ್ಲಿ ಫಿಟ್ಸ್ ಬಂದು ಆಸ್ಪತ್ರೆಯಲ್ಲಿದ್ದ, ನಮಗೂ ಹೇಳಿಕೊಡಿ ಅಂದರು. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚಿತ್ರ ಬರೆಯಲು ಚೆನ್ನಾಗಿ ಬರಬೇಕು ಅಂತೇನಿಲ್ಲ. ತಾಳ್ಮೆ ಬೇಕು, ಮತ್ತೆ ಒಂದು ವಾರದ ಸಂಜೆಗಳು ಬೇಕು.

ಮೊದಲು ಕೇಳಿ, ಆಮೇಲೆ ಬರೆಯಿರಿ

ಪೆನ್ಸಿಲ್ ಹಿಡಿಯುವ ಮೊದಲು ಮಗುವಿಗೆ ಏನು ನೆನಪಿದೆ ಅಂತ ತಿಳಿದುಕೊಳ್ಳಿ. ಇದೇ ಈ ಇಡೀ ಕೆಲಸದ ಬೇರು. ದೊಡ್ಡವರಿಗೆ ಆ ರಾತ್ರಿ ಒಂದು ಕಥೆಯಾಗಿ ನೆನಪಿರುತ್ತದೆ: ಹೀಗಾಯಿತು, ಆಮೇಲೆ ಹಾಗಾಯಿತು, ಕೊನೆಗೆ ದೇವರು ದೊಡ್ಡವನು. ಮಗುವಿಗೆ ಹಾಗಲ್ಲ. ಅರ್ಧ ನಿದ್ದೆ, ಅರ್ಧ ಎಚ್ಚರ. ಅದಕ್ಕೆ ನೆನಪಿರುವುದು ಚೂರುಚೂರು.

ನೇರವಾಗಿ ಕೂರಿಸಿಕೊಂಡು ಪ್ರಶ್ನೆ ಕೇಳಬೇಡಿ. ನಾನು ಅವರ ಮನೆಗೆ ಹೋಗಿದ್ದಾಗ ಅವಳ ಪಕ್ಕ ಕೂತು ಸುಮ್ನೆ ಒಂದು ಟ್ರ್ಯಾಕ್ಟರ್ ಬರೆದೆ. ಅವಳು ಸ್ವಲ್ಪ ಹೊತ್ತು ನೋಡಿ, ಚಿಗವ್ವ, ಇದರ ಮೇಲೆ ಗೊಬ್ಬರದ ಚೀಲ ಇತ್ತು ಅಂದಳು. ಮಳೆ ಅಂತ ಯಾರೋ ಅವಳ ತಲೆಯ ಮೇಲೆ ಖಾಲಿ ಗೊಬ್ಬರದ ಚೀಲ ಹೊದಿಸಿದ್ದರಂತೆ. ಆಮೇಲೆ ಒಂದೊಂದಾಗಿ ಬಂತು. ಕೆಂಪು ನೀಲಿ ಲೈಟು. ಮೇಲೆ ನೇತು ಹಾಕಿದ್ದ ಬಾಟಲಿ, ಅದು ಗಾಡಿ ಓಡಿದಂತೆಲ್ಲಾ ಅಲ್ಲಾಡುತ್ತಿದ್ದದ್ದು. ಇಷ್ಟು ಹೇಳಿ ಸುಮ್ಮನಾದಳು. ಮಲಗುವ ಹೊತ್ತಿಗೆ ಕೇಳಿದಳು: ಆಗ ಅವ್ವ ಎಲ್ಲಿದ್ದಳು?

ಅಕ್ಕ ಆಂಬುಲೆನ್ಸ್‌ನಲ್ಲೇ ಇದ್ದಳು. ಮಗಳ ತಲೆಯ ಹಿಂದೆ, ಅವಳ ಕೂದಲು ನೇವರಿಸುತ್ತಾ ಕೂತಿದ್ದಳು. ಅಂಗಾತ ಮಲಗಿದ ಮಗುವಿಗೆ ತಲೆಯ ಹಿಂದೆ ಕೂತವರು ಕಾಣುವುದಿಲ್ಲ ಅಲ್ವಾ. ಅವ್ವ ತನ್ನನ್ನು ಯಾರ ಕೈಗೋ ಕೊಟ್ಟು ಮನೆಯಲ್ಲೇ ಉಳಿದಳು ಅಂತ ಅವಳು ಇಷ್ಟು ದಿನ ಅಂದುಕೊಂಡಿದ್ದಳು. ನಾವೆಲ್ಲಾ ಸೈರನ್‌ಗೆ ಹೆದರುತ್ತಾಳೆ ಅಂದುಕೊಂಡಿದ್ದೆವು. ಭಯ ಸೈರನ್‌ದಲ್ಲ.

ಆ ಮಾತು ಸಿಕ್ಕ ಮೇಲೆ ನನ್ನ ಚಿತ್ರ ಹೇಗಿರಬೇಕು ಅಂತ ತೀರ್ಮಾನವಾಯಿತು. ನಿಮ್ಮ ಮಗುವಿನ ಪ್ರಶ್ನೆ ಬೇರೆ ಇರಬಹುದು. ಆ ಮಾಮ ಯಾಕೆ ನನ್ನ ಕೈ ಗಟ್ಟಿ ಹಿಡಿದ? ನನ್ನ ಚಪ್ಪಲಿ ಏನಾಯಿತು? ಎಷ್ಟೇ ಚಿಕ್ಕದಾಗಿ ಕಂಡರೂ ಆ ಪ್ರಶ್ನೆಗೆ ಚಿತ್ರದಲ್ಲಿ ಉತ್ತರ ಇರಬೇಕು. ಇಲ್ಲದಿದ್ದರೆ ಅದು ಬರೀ ಆಂಬುಲೆನ್ಸ್ ಚಿತ್ರ, ಅಷ್ಟೇ.

ಆಮೇಲೆ ದೊಡ್ಡವರನ್ನು ಕೇಳಿ. ಯಾರು ಮೊದಲು ನೋಡಿದರು, ಯಾರು ಫೋನ್ ಮಾಡಿದರು, ಯಾರು ಎತ್ತಿಕೊಂಡರು, ಎಷ್ಟು ಗಂಟೆ. ಒಂದು ನೋಟ್‌ಬುಕ್‌ನಲ್ಲಿ ಸಾಲಾಗಿ ಬರೆದುಕೊಳ್ಳಿ. ನಮ್ಮ ಮನೆಯದು ಹೀಗಿತ್ತು. ಬೆಳಗಿನಿಂದ ಭೇದಿ, ಮಧ್ಯಾಹ್ನದ ಹೊತ್ತಿಗೆ ಕುಡಿದದ್ದೆಲ್ಲಾ ವಾಂತಿ. ಸಂಜೆ ಅಜ್ಜಿ ಹೋಗಿ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಬಂದರು. ಅವರು ಓಆರ್‌ಎಸ್ ಕಲಸಿ ಚಮಚದಲ್ಲಿ ಕೊಡಲು ಕೂತರು. ಮಗುವಿನ ಕಣ್ಣು ಗುಳಿ ಬಿದ್ದಿದ್ದವು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಹಿಂದೆ ಹೋಗುತ್ತಿತ್ತು. ಕರೆದರೆ ಸರಿಯಾಗಿ ಎಚ್ಚರವಾಗುತ್ತಿರಲಿಲ್ಲ. ಇನ್ನು ಕಾಯಬೇಡಿ ಅಂತ ಅವರೇ 108ಕ್ಕೆ ಫೋನ್ ಮಾಡಿದರು. ಊರಿನ ದಾರಿಯನ್ನು ಹೊಸದು ಮಾಡುತ್ತೇವೆ ಅಂತ ಅಗೆದು ಹಾಗೇ ಬಿಟ್ಟಿದ್ದರು, ಮಳೆಗೆ ಅದು ಕೆಸರಿನ ಗದ್ದೆಯಾಗಿತ್ತು. ಆಂಬುಲೆನ್ಸ್ ಡಾಂಬರು ರಸ್ತೆಯಲ್ಲೇ ನಿಂತಿತು. ಅಲ್ಲಿಯವರೆಗೆ ಎದುರು ಮನೆಯ ಮಾವ ಟ್ರ್ಯಾಕ್ಟರ್‌ನಲ್ಲಿ ಕರೆದುಕೊಂಡು ಹೋದರು. ಬೆಳಗಿನ ಜಾವಕ್ಕೆ ಮಗು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು, ಮಂಡಕ್ಕಿ ಬೇಕು ಅಂತ ಕೇಳಿದಳು.

ಚಿತ್ರ

ಐದು ಚಿತ್ರ ಬೇರೆಬೇರೆ ಬರೆಯಬೇಡಿ. ಒಂದೇ ಹಾಳೆಯಲ್ಲಿ ಎಡದಿಂದ ಬಲಕ್ಕೆ ಹಾವಿನಂತೆ ಹೋಗುವ ಒಂದೇ ದಾರಿ ಬರೆಯಿರಿ. ಆ ದಾರಿಯ ಮೇಲೆ ಅದೇ ಮಗು ಐದು ಸಲ ಬರಲಿ. ಇದು ನಮಗೆ ಹೊಸದೇನಲ್ಲ. ತರೀಕೆರೆ ಹತ್ತಿರದ ಅಮೃತಪುರದ ಅಮೃತೇಶ್ವರ ದೇವಸ್ಥಾನಕ್ಕೆ ಹೋದವರು ನೋಡಿರುತ್ತೀರಿ. ಗೋಡೆಯ ಮೇಲೆ ರಾಮಾಯಣ ಸಾಲಾಗಿ ಕೆತ್ತಿದೆ, ಅದೇ ರಾಮ ಮತ್ತೆ ಮತ್ತೆ ಬರುತ್ತಾನೆ. ಯಾರೂ ಇಷ್ಟೊಂದು ರಾಮರು ಯಾಕೆ ಅಂತ ಕೇಳುವುದಿಲ್ಲ. ಮಕ್ಕಳಂತೂ ಕೇಳುವುದೇ ಇಲ್ಲ, ಅವರಿಗೆ ತಕ್ಷಣ ಅರ್ಥವಾಗುತ್ತದೆ.

ನನ್ನ ಐದು ದೃಶ್ಯ ಇವು. ಮನೆಯ ಪಡಸಾಲೆಯಲ್ಲಿ ಚಮಚ ಹಿಡಿದ ಆಶಾ ಅಕ್ಕ. ಕೆಸರಿನಲ್ಲಿ ಟ್ರ್ಯಾಕ್ಟರ್. ಡಾಂಬರು ರಸ್ತೆಯಲ್ಲಿ ಬಾಗಿಲು ತೆರೆದು ನಿಂತ ಆಂಬುಲೆನ್ಸ್. ಓಡುವ ಆಂಬುಲೆನ್ಸ್‌ನ ಒಳಗು, ಪಕ್ಕದ ಗೋಡೆಯೇ ಇಲ್ಲವೇನೋ ಅನ್ನುವಂತೆ. ಕೊನೆಗೆ ಆಸ್ಪತ್ರೆಯ ಮಂಚ, ಕಿಟಕಿಯಲ್ಲಿ ಬೆಳಗು. ಐದರಲ್ಲೂ ಅಕ್ಕ ಇದ್ದಾಳೆ, ಅದೇ ಗಿಣಿ ಹಸಿರು ಸೀರೆಯಲ್ಲಿ. ಒಂದೊಂದರಲ್ಲೂ ಅವಳ ಕೈ ಮಗುವನ್ನು ಮುಟ್ಟಿಕೊಂಡೇ ಇದೆ. ಆ ಹಸಿರನ್ನು ಚಿತ್ರದಲ್ಲಿ ಬೇರೆ ಎಲ್ಲಿಯೂ ಬಳಸಲಿಲ್ಲ. ಮೆಕ್ಕೆಜೋಳದ ಹೊಲಕ್ಕೂ ಬೇರೆ ಹಸಿರು ಹಾಕಿದೆ, ಸ್ವಲ್ಪ ಹಳದಿ ಮಿಶ್ರ ಮಾಡಿ. ನೀವೂ ಮಗುವಿಗೆ ಯಾರು ಮುಖ್ಯವೋ ಅವರಿಗೆ ಒಂದು ಬಣ್ಣ ಮೀಸಲಿಡಿ.

ಇಲ್ಲಿ ಒಂದು ತೊಂದರೆ ಇದೆ. ರಾತ್ರಿಯ ಚಿತ್ರ ಅಂದರೆ ಎಲ್ಲಾ ಕಡೆ ಕಪ್ಪು. ಕಪ್ಪು ತುಂಡು ಹತ್ತು ಬಂದರೆ ಯಾವುದು ಎಲ್ಲಿಗೆ ಅಂತ ದೊಡ್ಡವರಿಗೂ ಗೊತ್ತಾಗುವುದಿಲ್ಲ, ಮಗು ಬೇಸತ್ತು ಎದ್ದು ಹೋಗುತ್ತದೆ. ಅದಕ್ಕೆ ಆಕಾಶದ ಬಣ್ಣ ಬದಲಾಗುತ್ತಾ ಹೋಗಲಿ. ಎಡಕ್ಕೆ ಸಂಜೆಯ ಕಿತ್ತಳೆ, ಮಧ್ಯಕ್ಕೆ ಕಡು ನೀಲಿ, ಬಲಕ್ಕೆ ಬೆಳಗಿನ ತಿಳಿ ಹಳದಿ. ಬಣ್ಣ ನೋಡಿಯೇ ತುಂಡು ಯಾವ ಕಡೆಯದು ಅಂತ ಮಗು ಹೇಳುತ್ತದೆ. ಖಾಲಿ ಆಕಾಶ ಬಿಡಬೇಡಿ. ನಾನು ಗುಡ್ಡದ ಮೇಲೆ ಗಾಳಿಯ ಫ್ಯಾನ್‌ಗಳನ್ನು ಬರೆದೆ. ಚಿತ್ರದುರ್ಗದ ಕಡೆ ಹೋಗಿಬಂದ ಮಕ್ಕಳಿಗೆಲ್ಲಾ ಗೊತ್ತಿರುವ ಉದ್ದ ರೆಕ್ಕೆಯ ಫ್ಯಾನ್‌ಗಳು, ರಾತ್ರಿ ನೆತ್ತಿಯಲ್ಲಿ ಕೆಂಪು ದೀಪ. ಒಂದು ಗೂಬೆ, ಒಂದು ಚಂದ್ರ, ಮಳೆಗೆ ನೆನೆದ ನಾಯಿ. ದಾವಣಗೆರೆ ಬಂತು ಅಂತ ತಿಳಿಯಲು ಕುಂದುವಾಡ ಕೆರೆ ಹತ್ತಿರದ ಗಾಜಿನ ಮನೆ ಬರೆದೆ. ಅದು ಆ ದಾರಿಯಲ್ಲಿ ಬರುತ್ತಾ ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಅವಳಿಗೆ ದಾವಣಗೆರೆ ಅಂದರೆ ಗಾಜಿನ ಮನೆ, ಅಷ್ಟು ಸಾಕು.

ಲೆಕ್ಕ ಸರಳ: ಪ್ರತಿ ತುಂಡಿನಲ್ಲೂ ಹೆಸರಿಟ್ಟು ಹೇಳಬಹುದಾದ ಒಂದಾದರೂ ವಸ್ತು ಇರಬೇಕು. ಗೂಬೆ ತುಂಡು, ಚಕ್ರದ ತುಂಡು, ಬಾಟಲಿ ತುಂಡು, ಹೀಗೆ.

ಸೂಜಿಯನ್ನು ಮುಚ್ಚಿಡಬೇಡಿ. ಡ್ರಿಪ್ ಹಾಕಿದ್ದು ಮಗುವಿಗೆ ಗೊತ್ತು. ಇಲ್ಲವೇ ಇಲ್ಲ ಅನ್ನುವಂತೆ ಬರೆದರೆ ಚಿತ್ರದ ಮೇಲೆ ಅದಕ್ಕೆ ನಂಬಿಕೆ ಹೋಗುತ್ತದೆ. ಕೈಗೆ ಪ್ಲಾಸ್ಟರ್, ಒಂದು ಪೈಪು, ಮೇಲೆ ಬಾಟಲಿ, ಇಷ್ಟು ಬರೆದರೆ ಸಾಕು. ಅಳುವ ಮುಖವನ್ನು ದೊಡ್ಡದಾಗಿ ಬರೆಯುವುದು ಬೇಡ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಚಿತ್ರದಲ್ಲಿ ಔಷಧಿ, ಉಪಚಾರ ಬಂದರೆ ಸರಿಯಾಗಿ ಬರೆಯಿರಿ. ಮಗು ಇದನ್ನು ನೂರು ಸಲ ನೋಡುತ್ತದೆ, ಕಂಡದ್ದನ್ನೇ ಕಲಿಯುತ್ತದೆ. ನಾನು ಮೊದಲ ಕರಡಿನಲ್ಲಿ ಆಶಾ ಅಕ್ಕನ ಕೈಗೆ ಒಂದು ಸಣ್ಣ ಲೋಟ ಕೊಟ್ಟು, ಪಕ್ಕದಲ್ಲಿ ಹರಿದ ಓಆರ್‌ಎಸ್ ಪೊಟ್ಟಣ ಬರೆದಿದ್ದೆ. ಅದು ತಪ್ಪು. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಲೋಟಕ್ಕೆ ಸುರಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಕೆಡುಕೇ. ಚಿಕ್ಕ ಪೊಟ್ಟಣ 200 ಮಿಲಿಲೀಟರ್‌ಗೆ ಬರುತ್ತದೆ, ಎಷ್ಟು ನೀರು ಅಂತ ಮೇಲೆ ಬರೆದಿರುತ್ತದೆ. ಅದಕ್ಕೆ ಲೋಟ ಅಳಿಸಿ ಒಂದು ಲೀಟರ್ ಬಾಟಲಿ ಬರೆದೆ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮ ಅಳತೆಯ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕೊಡಬೇಕು. ಭೇದಿ ಅಂತ ನೀರು ನಿಲ್ಲಿಸಬಾರದು. ಆದರೆ ಕಣ್ಣು ಗುಳಿ ಬಿದ್ದು, ಮಗು ಮಂಕಾಗಿ, ಕುಡಿಯಲೂ ಆಗದಿದ್ದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ, ಮನೆಯಲ್ಲಿ ಕೂರಬಾರದು. 108 ಉಚಿತ.

ಆಂಬುಲೆನ್ಸ್‌ನ ಮುಂದೆ ಆ ಹೆಸರನ್ನು ಉಲ್ಟಾ ಬರೆದಿರುತ್ತಾರೆ, ಗಮನಿಸಿದ್ದೀರಾ? ಮುಂದೆ ಹೋಗುವ ಲಾರಿಯವರಿಗೆ ಕನ್ನಡಿಯಲ್ಲಿ ನೆಟ್ಟಗೆ ಕಾಣಲಿ ಅಂತ. ನಾನೂ ಹಾಗೇ ಉಲ್ಟಾ ಬರೆದು, ಪಜಲ್ ಜೊತೆ ಒಂದು ಸಣ್ಣ ಕನ್ನಡಿ ಕೊಟ್ಟೆ. ಅವಳಿಗೆ ಬಹಳ ಹಿಡಿಸಿದ್ದು ಇದೇ.

ಹಾಳೆ, ರಟ್ಟು, ಅಂಟು

ಅಳತೆ ಎ3 ಇರಲಿ, ಅಂದರೆ 42 ಸೆಂಟಿಮೀಟರ್ ಅಗಲ, ಸುಮಾರು 30 ಎತ್ತರ. ಅಗಲಕ್ಕೆ 6, ಎತ್ತರಕ್ಕೆ 4 ಮಾಡಿದರೆ 24 ತುಂಡು, ಒಂದೊಂದೂ 7 ಸೆಂಟಿಮೀಟರ್ ಆಸುಪಾಸು. ಆರು ವರ್ಷದ ಕೈಗೆ ಇದು ಹದವಾಗಿದೆ. ನಾಲ್ಕು ವರ್ಷದ ಮಗುವಾದರೆ 12 ಮಾಡಿ. ಮನೆಯಲ್ಲಿ ಮೂರು ವರ್ಷದ ಒಳಗಿನ ಕೂಸು ಇದ್ದರೆ ಸಣ್ಣ ತುಂಡು ಮಾಡಲೇಬೇಡಿ, ಬಾಯಿಗೆ ಹಾಕಿಕೊಂಡರೆ ಕಷ್ಟ.

ನೀವು ಬರೆದ ಮೂಲ ಚಿತ್ರವನ್ನು ಕತ್ತರಿಸಬೇಡಿ. ಕಲರ್ ಜೆರಾಕ್ಸ್ ಅಂಗಡಿಯಲ್ಲಿ ಎ3 ಪ್ರಿಂಟ್ ಎರಡು ತೆಗೆಸಿ. ಒಂದನ್ನು ಕತ್ತರಿಸಲು, ಇನ್ನೊಂದನ್ನು ನೋಡಿಕೊಂಡು ಜೋಡಿಸಲು. ಅಂಗಡಿಯವರಿಗೆ ಲೇಸರ್ ಪ್ರಿಂಟ್ ಬೇಕು ಅಂತ ಮರೆಯದೆ ಹೇಳಿ. ನನ್ನ ಮೊದಲ ಪ್ರಿಂಟನ್ನು ಒಂದು ಅಂಗಡಿಯವರು ಇಂಕ್‌ಜೆಟ್‌ನಲ್ಲಿ ತೆಗೆದುಕೊಟ್ಟಿದ್ದರು, ನಾನು ಕೇಳಿರಲೂ ಇಲ್ಲ. ಅಂಟಿನ ನೀರು ತಾಗಿದ್ದೇ ತಡ, ಹಸಿರು ಸೀರೆ ಹರಿದುಕೊಂಡು ಆಕಾಶಕ್ಕೆ ಹೋಯಿತು. ಎರಡು ದಿನದ ಕೆಲಸ ಹಾಳು.

ರಟ್ಟು ಬಹಳ ಮುಖ್ಯ. ಟಿವಿ, ಮಿಕ್ಸಿ ಬರುವ ಡಬ್ಬದ ರಟ್ಟು ಬೇಡ. ಅದರ ಒಳಗೆ ಅಲೆಅಲೆಯಾಗಿ ಟೊಳ್ಳಿರುತ್ತದೆ, ಕತ್ತರಿಸಿದ ಅಂಚು ನಾಲ್ಕು ದಿನಕ್ಕೆ ಜಜ್ಜಿಹೋಗುತ್ತದೆ. ಸೀರೆ ಡಬ್ಬದ ಗಟ್ಟಿ ರಟ್ಟು ಒಳ್ಳೆಯದು. ಎರಡು ಪದರ ಅಂಟಿಸಿದರೆ ಇನ್ನೂ ಒಳ್ಳೆಯದು. ಬಹಳ ವರ್ಷ ಬಾಳಬೇಕು ಅಂದರೆ 3 ಎಂಎಂ ಪ್ಲೈವುಡ್. ಪ್ಲೈವುಡ್ ಅಂಗಡಿಯಲ್ಲಿ ಉಳಿಕೆ ತುಂಡು ಕೇಳಿದರೆ ಕಡಿಮೆಗೆ ಕೊಡುತ್ತಾರೆ.

ಫೆವಿಕಾಲನ್ನು ರಟ್ಟಿನ ಮೇಲೆ ಹಾಕಿ, ಹಳೆಯ ಎಟಿಎಂ ಕಾರ್ಡ್‌ನಿಂದ ತೆಳ್ಳಗೆ ಎಳೆಯಿರಿ. ದಪ್ಪ ಆದರೆ ಹಾಳೆ ಸುಕ್ಕಾಗುತ್ತದೆ. ಚಿತ್ರವನ್ನು ಒಂದು ಅಂಚಿನಿಂದ ನಿಧಾನವಾಗಿ ಇಳಿಸುತ್ತಾ ಬನ್ನಿ, ಮೇಲೆ ಒಂದು ಒಣ ಹಾಳೆ ಇಟ್ಟು ಚಪಾತಿ ಲಟ್ಟಣಿಗೆಯಿಂದ ಮಧ್ಯದಿಂದ ಹೊರಕ್ಕೆ ಒತ್ತಿ. ಗಾಳಿಗುಳ್ಳೆ ಎಲ್ಲಾ ಹೊರಗೆ ಹೋಗುತ್ತದೆ. ಈಗ ಬಹಳ ಜನ ಮರೆಯುವ ಕೆಲಸ: ರಟ್ಟಿನ ಹಿಂಬದಿಗೂ ಅಷ್ಟೇ ದೊಡ್ಡ ಬಿಳಿ ಹಾಳೆ ಅಂಟಿಸಿ. ಒಂದೇ ಕಡೆ ಅಂಟಿಸಿದರೆ ಹಾಳೆ ಒಣಗುವಾಗ ಎಳೆದು ರಟ್ಟು ಹಪ್ಪಳದಂತೆ ಬಾಗುತ್ತದೆ. ಎರಡೂ ಕಡೆ ಇದ್ದರೆ ಎಳೆತ ಸಮ. ಆಮೇಲೆ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು, ಮೇಲೊಂದು ಹಲಗೆ, ಹಲಗೆಯ ಮೇಲೆ ಜೋಳದ ಚೀಲ. ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿ.

ಲ್ಯಾಮಿನೇಷನ್ ಮಾಡಿಸಬೇಡಿ. ತುಂಡು ಮಾಡಿದ ಮೇಲೆ ಅಂಚಿನಲ್ಲಿ ಕಿತ್ತು ಬರುತ್ತದೆ, ಮಕ್ಕಳು ಅದನ್ನೇ ಕೀಳುತ್ತಾ ಕೂರುತ್ತಾರೆ. ಒಣಗಿದ ಮೇಲೆ ನೀರು ಬೆರೆಸುವ ಥರದ (ವಾಟರ್ ಬೇಸ್) ಬಣ್ಣವಿಲ್ಲದ ವಾರ್ನಿಷ್ ತೆಳ್ಳಗೆ ಒಂದು ಸಲ ಹಚ್ಚಿದರೆ ಸಾಕು.

ಕತ್ತರಿಸುವುದು

ಜಿಗ್ಸಾ ಪಜಲ್ ಶುರುವಾದದ್ದು ಆಟಕ್ಕಲ್ಲ, ಪಾಠಕ್ಕೆ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ಕೆತ್ತುವವನು ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯ ಮೇಲೆ ಗರಗಸ ಓಡಿಸಿ, ಮಕ್ಕಳಿಗೆ ಭೂಗೋಳ ಕಲಿಸಲು ಮಾರಿದ. ಒಂದು ದೇಶ, ಒಂದು ತುಂಡು. ಚಿಕ್ಕ ಮಕ್ಕಳಿಗೆ ನಾವೂ ಹಾಗೆ ಮಾಡಬಹುದು: ಟ್ರ್ಯಾಕ್ಟರ್ ಪೂರ್ತಿ ಒಂದು ತುಂಡು, ಆಂಬುಲೆನ್ಸ್ ಒಂದು ತುಂಡು, ಮಂಚ ಒಂದು ತುಂಡು. ನಾಲ್ಕು ವರ್ಷದೊಳಗಿನವರಿಗೆ ಇದೇ ಸರಿ.

ಆರು ವರ್ಷಕ್ಕೆ ಕಿವಿ ಇರುವ ತುಂಡು ಬೇಕು. ಒಂದು ತುಂಡಿನ ಕಿವಿ ಪಕ್ಕದ ತುಂಡಿನ ತಗ್ಗಿನಲ್ಲಿ ಕೂರಬೇಕು, ಎಳೆದರೆ ಬಿಡಬಾರದು. ಮೊದಲು ಚಿತ್ರದ ಮೇಲೆ ಪೆನ್ಸಿಲ್‌ನಲ್ಲಿ ತೆಳ್ಳಗೆ ಚೌಕ ಹಾಕಿಕೊಳ್ಳಿ, ಆಮೇಲೆ ಪ್ರತಿ ಗೆರೆಯ ಮಧ್ಯದಲ್ಲಿ ಒಂದು ಕಿವಿ ಬರೆಯಿರಿ. ಕಿವಿಯ ಕತ್ತು ರಟ್ಟಿನಲ್ಲಿ ಒಂದು ಸೆಂಟಿಮೀಟರ್‌ಗಿಂತ ಸಣ್ಣ ಬೇಡ, ಮುರಿಯುತ್ತದೆ. ಎಲ್ಲಾ ಕಿವಿ ಒಂದೇ ಥರ ಇರಬಾರದು. ಒಂದು ಗುಂಡಗೆ, ಒಂದು ಸೊಟ್ಟಗೆ, ಒಂದು ಉದ್ದ. ಇಲ್ಲದಿದ್ದರೆ ತಪ್ಪು ತುಂಡೂ ಕೂತುಬಿಡುತ್ತದೆ.

ಗೆರೆ ಯಾರ ಮುಖದ ಮೇಲೂ ಹೋಗಬಾರದು. ಅದನ್ನು ನೋಡಿ ನೋಡಿ ಗೆರೆಯನ್ನು ಅತ್ತಿತ್ತ ಸರಿಸಿ. ಚೌಕ ಸ್ವಲ್ಪ ಸೊಟ್ಟಗಾದರೂ ಚಿಂತೆಯಿಲ್ಲ. ಆದರೆ ಒಂದು ಗೆರೆಯನ್ನು ನಾನು ಬೇಕೆಂದೇ ಕಷ್ಟದ ಜಾಗದಲ್ಲಿ ಹಾಕಿದೆ. ಓಡುವ ಆಂಬುಲೆನ್ಸ್‌ನ ದೃಶ್ಯದಲ್ಲಿ ಮಗು ಒಂದು ತುಂಡಿನಲ್ಲಿ, ತಲೆಯ ಹಿಂದಿನ ಅಕ್ಕ ಇನ್ನೊಂದು ತುಂಡಿನಲ್ಲಿ. ಮಗುವಿನ ತುಂಡಿನ ಅಂಚಿನಲ್ಲಿ ಐದು ಬೆರಳಿನ ತುದಿ ಮಾತ್ರ ಕಾಣುತ್ತದೆ, ಕೂದಲ ಮೇಲೆ. ಅದು ಯಾರ ಕೈ ಅಂತ ತಿಳಿಯಬೇಕಾದರೆ ಪಕ್ಕದ ತುಂಡು ಹುಡುಕಬೇಕು.

ರಟ್ಟಾದರೆ ಚೂಪಾದ ಕಟರ್‌ನಿಂದ ಚಿತ್ರದ ಕಡೆಯಿಂದಲೇ ಕೊಯ್ಯಿರಿ. ಒಂದೇ ಸಲಕ್ಕೆ ಒತ್ತಿ ಕೊಯ್ಯಲು ಹೋಗಬೇಡಿ. ಅದೇ ಗೆರೆಯಲ್ಲಿ ಹಗುರವಾಗಿ ನಾಲ್ಕೈದು ಸಲ ಎಳೆಯಿರಿ, ಬ್ಲೇಡ್ ಮೊಂಡಾದರೆ ತುದಿ ಮುರಿದು ಹೊಸದು ಮಾಡಿಕೊಳ್ಳಿ. ಮೊಂಡು ಬ್ಲೇಡೇ ಜಾರಿ ಕೈ ಕೊಯ್ಯುವುದು. ಮಗು ಮಲಗಿದ ಮೇಲೆ ಈ ಕೆಲಸ ಮಾಡಿ. ಪ್ಲೈವುಡ್ ಆದರೆ ಸಣ್ಣ ಬ್ಲೇಡಿನ ಫ್ರೆಟ್ ಸಾ ಅನ್ನುವ ಗರಗಸ ಬೇಕು. ಮೊದಲು ಅಡ್ಡಕ್ಕೆ ನಾಲ್ಕು ಪಟ್ಟಿ ಕೊಯ್ದು, ಆಮೇಲೆ ಒಂದೊಂದು ಪಟ್ಟಿಯನ್ನು ಆರಾರು ತುಂಡು ಮಾಡಬೇಕು. ನನ್ನದನ್ನು ನಮ್ಮ ಬೀದಿಯ ಬಡಗಿಯೊಬ್ಬರು ಕೊಯ್ದುಕೊಟ್ಟರು. ಯಾತಕ್ಕೆ ಅಂತ ಕೇಳಿ ತಿಳಿದುಕೊಂಡ ಮೇಲೆ ದುಡ್ಡು ಬೇಡ ಅಂದರು. ಅಂಚುಗಳನ್ನು ಅವರೇ ನುಣ್ಣನೆಯ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ತಮ್ಮ ಕೆನ್ನೆಗೆ ತಾಗಿಸಿ ಚುಚ್ಚುತ್ತಾ ಅಂತ ನೋಡಿದರು. ಒಳ್ಳೆಯ ಪರೀಕ್ಷೆ ಅದು. ನೀವೂ ಮಾಡಿ.

ಕೊಡುವುದು

ಪಜಲ್ ಜೋಡಿಸುವಾಗ ಅಂಚಿನಿಂದ ಶುರು ಮಾಡಬೇಕು ಅಂತ ನಾವೆಲ್ಲಾ ಹೇಳಿಕೊಡುತ್ತೇವೆ. ಇಲ್ಲಿ ಬೇಡ. ಮಗು ತನಗೆ ನೆನಪಿರುವ ತುಂಡಿನಿಂದ ಶುರು ಮಾಡಲಿ. ಎಲ್ಲಾ ತುಂಡನ್ನು ಚಾಪೆಯ ಮೇಲೆ ಚಿತ್ರ ಮೇಲೆ ಮಾಡಿ ಹರಡಿ, ಸುಮ್ಮನೆ ಪಕ್ಕದಲ್ಲಿ ಕೂತು ಬೇರೆ ಏನಾದರೂ ಮಾಡಿ. ನಾನು ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದೆ. ಕಥೆ ಹೇಳಲು ಹೋಗಬೇಡಿ. ನೋಡು ಇದು ನೀನು, ನೋಡು ಇದು ಡಾಕ್ಟರ್ ಅಂತ ಬಡಬಡಿಸಬೇಡಿ. ಮಗು ಕೇಳಿದರೆ ಮಾತ್ರ ಉತ್ತರ. ಆ ಉತ್ತರ ನಿಜವಾಗಿರಬೇಕು. ಗೊತ್ತಿಲ್ಲದಿದ್ದರೆ ಅವ್ವನನ್ನು ಕೇಳೋಣ ಅನ್ನಿ, ಅವ್ವ ಬಂದು ಹೇಳಲಿ.

ಅವಳು ಮೊದಲು ಎತ್ತಿಕೊಂಡದ್ದು ಬಾಟಲಿ ತುಂಡು. ಆಮೇಲೆ ಗೊಬ್ಬರದ ಚೀಲ. ಮೊದಲ ದಿನ ಏಳೆಂಟು ತುಂಡು ಸೇರಿಸಿ, ಎಲ್ಲವನ್ನೂ ಕಲಸಿ, ಡಬ್ಬಕ್ಕೆ ಹಾಕಿಬಿಟ್ಟಳು. ಅವಳಿಗೆ ಕೆಡವುವುದೇ ಖುಷಿ ಅನ್ನಿಸಿತು. ಕೆಡವಲಿ. ಆ ರಾತ್ರಿ ಎಲ್ಲರೂ ಅವಳನ್ನು ಎತ್ತಿದರು, ಇಳಿಸಿದರು, ಹಿಡಿದರು, ಅವಳ ಕೈಯಲ್ಲಿ ಏನೂ ಇರಲಿಲ್ಲ. ಈಗ ಎಲ್ಲಾ ತುಂಡೂ ಅವಳ ಕೈಯಲ್ಲಿ.

ಮೂರನೆಯ ದಿನ ಬೆರಳಿನ ತುದಿ ಕಂಡು, ಇದು ಯಾರದು ಅಂತ ತಾನೇ ಗೊಣಗುತ್ತಾ ಪಕ್ಕದ ತುಂಡು ಹುಡುಕಿದಳು. ಹಸಿರು ಸೀರೆ ಬಂದು ಕೂತಿತು. ಸ್ವಲ್ಪ ಹೊತ್ತು ನೋಡಿದಳು. ಎದ್ದು ಅಡುಗೆಮನೆಗೆ ಹೋಗಿ, ಅವ್ವ, ನೀನು ಹಿಂದೆ ಕೂತಿದ್ದೆ ಅಂತೆ ಅಂದಳು. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಅವಳನ್ನು ಅಪ್ಪಿಕೊಂಡಳು.

ಒಂದೇ ದಿನಕ್ಕೆ ಭಯ ಹೋಗಲಿಲ್ಲ. ಸೈರನ್ ಕೇಳಿದರೆ ಈಗಲೂ ಒಂದು ಕ್ಷಣ ಸುಮ್ಮನಾಗುತ್ತಾಳೆ, ಆದರೆ ಮೂಲೆ ಸೇರುವುದಿಲ್ಲ. ನಿಮ್ಮ ಮಗು ವಾರಗಟ್ಟಲೆ ನಿದ್ದೆಯಲ್ಲಿ ಬೆಚ್ಚುತ್ತಿದ್ದರೆ, ಊಟ ಬಿಟ್ಟರೆ, ಮಾತು ಕಡಿಮೆ ಮಾಡಿದರೆ, ಮಕ್ಕಳ ಡಾಕ್ಟರ್‌ಗೆ ತೋರಿಸಿ. ಪಜಲ್ ಆ ಕೆಲಸ ಮಾಡುವುದಿಲ್ಲ. ಮಗು ಬೇಡ ಅಂದರೆ ಎತ್ತಿಡಿ, ಒತ್ತಾಯ ಮಾಡಬೇಡಿ.

ಮನೆಯಲ್ಲಿ ಇಂಥದ್ದು ಆಗಿಲ್ಲ, ಶಾಲೆಯ ಮಕ್ಕಳಿಗೆ ಮಾಡಬೇಕು ಅನ್ನುವವರಿಗೆ ಒಂದು ಒಳ್ಳೆಯ ಕಥೆ ಇದೆ. 1925ರ ಜನವರಿಯಲ್ಲಿ ಅಲಾಸ್ಕಾದ ನೋಮ್ ಎಂಬ ಊರಿನ ಮಕ್ಕಳಿಗೆ ಡಿಫ್ತೀರಿಯಾ, ಅಂದರೆ ಗಂಟಲುಮಾರಿ ಬಂತು. ಔಷಧಿ ದೂರದಲ್ಲಿತ್ತು. ರೈಲು ನೆನಾನಾ ಎಂಬಲ್ಲಿಯವರೆಗೆ ಮಾತ್ರ. ಅಲ್ಲಿಂದ ಸುಮಾರು 1,085 ಕಿಲೋಮೀಟರ್ ಹಿಮದ ದಾರಿಯಲ್ಲಿ 20 ಜನ, ಸುಮಾರು 150 ನಾಯಿಗಳು, ಕೈಯಿಂದ ಕೈಗೆ ದಾಟಿಸುತ್ತಾ ಐದೂವರೆ ದಿನದಲ್ಲಿ ಔಷಧಿ ಮುಟ್ಟಿಸಿದರು. ಫೆಬ್ರವರಿ 2ರ ಬೆಳಗಿನ ಜಾವ ಊರು ಸೇರಿದ ಕೊನೆಯ ಜಾರುಬಂಡಿಯನ್ನು ಎಳೆದ ನಾಯಿಗಳ ಮುಂದಾಳು ಬಾಲ್ಟೋ. ನ್ಯೂಯಾರ್ಕಿನಲ್ಲಿ ಅದಕ್ಕೆ ಪ್ರತಿಮೆಯೇ ಇದೆ. ಆದರೆ ಎಲ್ಲರಿಗಿಂತ ಉದ್ದದ, ಕಷ್ಟದ ದಾರಿ ಓಡಿದ್ದು ಟೋಗೋ ಎಂಬ ನಾಯಿ. ಇಪ್ಪತ್ತು ಜನಕ್ಕೆ ಇಪ್ಪತ್ತು ತುಂಡು, ಔಷಧಿ ಕೈಯಿಂದ ಕೈಗೆ ಸೇರುವ ಜಾಗದಲ್ಲೇ ಕಿವಿ ಬರುವ ಹಾಗೆ ಕೊಯ್ದರೆ ಎಷ್ಟು ಚೆಂದ! ಒಬ್ಬರನ್ನು ತೆಗೆದರೂ ಔಷಧಿ ಮುಂದೆ ಹೋಗುವುದಿಲ್ಲ ಅಂತ ಮಕ್ಕಳಿಗೆ ಕೈಯಲ್ಲೇ ಗೊತ್ತಾಗುತ್ತದೆ. ಅದೇ ಗಂಟಲುಮಾರಿಗೆ ನಮ್ಮ ಕೂಸುಗಳಿಗೆ 6, 10, 14ನೇ ವಾರದಲ್ಲಿ ಚುಚ್ಚುಮದ್ದು ಹಾಕುತ್ತಾರೆ. ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ, ಯಾವುದಾದರೂ ಬಿಟ್ಟುಹೋಗಿದ್ದರೆ ಹಾಕಿಸಿ.

ಡಬ್ಬ, ಮತ್ತು ಕಳೆದ ತುಂಡು

ತುಂಡುಗಳನ್ನು ಬಟ್ಟೆಯ ಚೀಲದಲ್ಲಿಡಿ. ರಟ್ಟಿನ ಡಬ್ಬದ ಮೂಲೆ ಹರಿದು ತುಂಡು ಉದುರುತ್ತವೆ. ಮಳೆಗಾಲದಲ್ಲಿ ಆಗಾಗ ಬಿಸಿಲಿಗೆ ಹಾಕಿ. ಪ್ರತಿ ತುಂಡಿನ ಹಿಂದೆ 1ರಿಂದ 24ರವರೆಗೆ ನಂಬರ್ ಬರೆದರೆ ಎಣಿಸಲು ಸುಲಭ.

ತುಂಡು ಕಳೆದರೆ ಹೊಸದು ಮಾಡಬಹುದು. ಉಳಿದ 23 ತುಂಡು ಜೋಡಿಸಿ, ಖಾಲಿ ಜಾಗದ ಕೆಳಗೆ ಅದೇ ದಪ್ಪದ ರಟ್ಟು ಇಟ್ಟು, ಸುತ್ತಲೂ ಚೂಪು ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಮೂಲ ಚಿತ್ರದಿಂದ ಆ ಭಾಗವನ್ನು ಮತ್ತೆ ಪ್ರಿಂಟ್ ತೆಗೆಸಿ ಅಂಟಿಸಿ. ಗೆರೆಯ ಒಳಗಡೆಗೇ ಕೊಯ್ಯಿರಿ, ಇಲ್ಲದಿದ್ದರೆ ತುಂಡು ದೊಡ್ಡದಾಗಿ ಜಾಗದಲ್ಲಿ ಕೂರುವುದಿಲ್ಲ, ಪಕ್ಕದವನ್ನು ತಳ್ಳುತ್ತದೆ.

ನಮ್ಮದರಲ್ಲಿ 3ನೇ ತುಂಡು ಎರಡು ತಿಂಗಳಿನಿಂದ ಇಲ್ಲ. ಆಶಾ ಅಕ್ಕನ ಮುಖ ಇರುವ ತುಂಡು ಅದು. ನಾನು ಹೊಸದು ಮಾಡಲು ಅಳತೆ ತೆಗೆಯುತ್ತಿದ್ದಾಗ ಪುಟ್ಟಿ ಬಂದು ಬೇಡ ಅಂದಳು. ಅದನ್ನು ಅವಳೇ ಆಶಾ ಅಕ್ಕನಿಗೆ ಕೊಟ್ಟಿದ್ದಾಳಂತೆ. ಅವರು ಅದನ್ನು ತಮ್ಮ ಬ್ಯಾಗಿನಲ್ಲಿ ರಿಜಿಸ್ಟರ್ ಜೊತೆ ಇಟ್ಟುಕೊಂಡಿದ್ದಾರೆ. ಓಣಿಗೆ ಬಂದಾಗ ಮನೆಗೂ ಬಂದು, ಚಹಾ ಕುಡಿದು, ತುಂಡನ್ನು ಅದರ ಜಾಗದಲ್ಲಿ ಕೂರಿಸಿ ಚಿತ್ರ ಪೂರ್ತಿ ಮಾಡುತ್ತಾರೆ. ಹೋಗುವಾಗ ಮತ್ತೆ ತೆಗೆದುಕೊಂಡು ಹೋಗುತ್ತಾರೆ.